ಗ್ರೀನ್ ಕಾರ್ಡ್ ಸರದಿ ನಮ್ಮವರಿಗೇ ಏಕಿಷ್ಟು ಉದ್ದ?

ಪ್ರಶ್ನೆ: ಮಗ ಹನ್ನೆರಡು ವರ್ಷದಿಂದ ಅಮೆರಿಕದಲ್ಲಿದ್ದಾನೆ, ಅಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಇನ್ನೂ ಇಲ್ಲ. ಅವನ ಜೊತೆಗೇ ಅರ್ಜಿ ಹಾಕಿದ ಬೇರೆ ದೇಶದವರಿಗೆ ಯಾವಾಗಲೋ ಸಿಕ್ಕಿತಂತೆ. ನಮ್ಮವರೆಂದರೆ ಅಲ್ಲಿ ದ್ವೇಷವೇ?
(ಶಿರಸಿಯಿಂದ)

ಉತ್ತರ: ಇಂದಿನ ಕಾನೂನಿನ ಅಕ್ಷರದಲ್ಲಿ ಇಲ್ಲ. ಆದರೆ ಹುಟ್ಟಿದ ದೇಶ ನೋಡಿ ಪಾಲು ಹಂಚುವ ಪದ್ಧತಿ ದ್ವೇಷದ ಕಾಲದಲ್ಲೇ ಬೇರುಬಿಟ್ಟದ್ದು.

ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಹೆಂಡತಿ, ಮಕ್ಕಳೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಅದರಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ ಶೇ. 7, ಅಂದರೆ ಸುಮಾರು 9,800. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ: ಇಡೀ ಕುಮಟಾ ಪೇಟೆಗೂ ಘಟ್ಟದ ಒಂಟಿಮನೆಗೂ ತಲಾ ಒಂದು ಚೀಲ ಅಕ್ಕಿ ಕೊಟ್ಟ ಹಾಗೆ. ಉಳಿದವರು ಬಳಸದೆ ಬಿಟ್ಟದ್ದು ಸಿಕ್ಕರೆ ನಮ್ಮ ಸರದಿ ತುಸು ಸರಿಯುತ್ತದೆ.

ಇನ್ನು ಆ ದ್ವೇಷದ ಕಾಲದ ಕಥೆ. ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಸಿಯುತ್ತಾರೆ ಎಂಬ ಅಲ್ಲಿನ ಬಿಳಿಯರ ಕೂಗಿಗೆ ಮೊದಲು ಬಲಿಯಾದವರು ಚೀನಿ ಕಾರ್ಮಿಕರು; 1882ರಲ್ಲಿ ಕಾನೂನು ಮಾಡಿಯೇ ಅವರನ್ನು ತಡೆದರು. 1907ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ನೂರಾರು ಬಿಳಿಯರು ಮರದ ಮಿಲ್ಲುಗಳ ಭಾರತೀಯ ಕೆಲಸಗಾರರ ಬಿಡಾರಗಳಿಗೆ ನುಗ್ಗಿ, ಹೊಡೆದು, ಊರು ಬಿಡಿಸಿದರು. ಹೆಚ್ಚಿನವರು ಸಿಖ್ಖರು, ಅಲ್ಲಿನ ಪತ್ರಿಕೆಗಳಿಗೆ ಎಲ್ಲರೂ ‘ಹಿಂದೂ’ಗಳೇ. ಹತ್ತು ವರ್ಷದಲ್ಲಿ ಆ ಗುಂಪಿನ ಬೇಡಿಕೆಯೇ ಕಾನೂನಾಯಿತು. 1917ರ ಕಾಯ್ದೆ ಏಷ್ಯಾದ ಬಹುಭಾಗಕ್ಕೆ ಗೆರೆ ಎಳೆದು ಬಾಗಿಲು ಹಾಕಿತು, ಭಾರತವೂ ಗೆರೆಯೊಳಗೆ. 1923ರಲ್ಲಿ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಪೌರತ್ವವಿಲ್ಲ ಎಂದಿತು. ಅದಾಗಲೇ ಪಡೆದಿದ್ದ ಹಲವರು ಅದನ್ನು ಕಳೆದುಕೊಂಡರು.

1924ರ ಕಾಯ್ದೆಯ ಜಾಣತನ ನೋಡಿ. 1920ರ ಜನಗಣತಿ ಕೈಯಲ್ಲಿದ್ದರೂ 1890ರದನ್ನು ತೆಗೆದು, ಆಗ ಇದ್ದ ಆಯಾ ದೇಶದವರ ಶೇ. 2ರಷ್ಟು ಮಂದಿಗೆ ಪ್ರವೇಶ ಎಂದರು. ಇಟಲಿ, ಪೋಲೆಂಡ್ ಕಡೆಯವರು, ಯಹೂದಿಗಳು ಗುಂಪುಗುಂಪಾಗಿ ಬಂದದ್ದು ಹೆಚ್ಚಾಗಿ 1890ರ ನಂತರ. ಯಾರ ಹೆಸರನ್ನೂ ಎತ್ತದೆ ಬೇಲಿ ಹಾಕಿದ್ದಾಯಿತು. ಭಾರತಕ್ಕೆ 1946ರಲ್ಲಿ ಬಾಗಿಲು ತೆರೆದಾಗ ಸಿಕ್ಕ ಪಾಲು ವರ್ಷಕ್ಕೆ 100. 1965ರಲ್ಲಿ ಈ ತಾರತಮ್ಯ ಹೋಯಿತು, ದೇಶವಾರು ಮಿತಿ ಉಳಿಯಿತು; 1990ರಲ್ಲಿ ಅದು ಶೇ. 7 ಆಯಿತು.

ಈಗ ನಿಮ್ಮ ಮಗನ ವಿಷಯ. ಇಲ್ಲಿ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ಜಾಗವನ್ನು. ದುಬೈನಲ್ಲಿದ್ದ ಭಟ್ಕಳದ ದಂಪತಿಗೆ ಅಲ್ಲೇ ಹುಟ್ಟಿದವರು ಎಮಿರೇಟ್ಸ್ ಲೆಕ್ಕಕ್ಕೆ ಬರುತ್ತಾರೆ. ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಗಂಡನೂ ಅವಳ ಸರದಿಯಲ್ಲಿ ನಿಲ್ಲಬಹುದು. ಕೆಲಸ ಬದಲಿಸಿದರೆ, ಹಳೆಯ ಕಂಪನಿಯ ಐ-140 (ನೌಕರನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದಲ್ಲಿ ಸರದಿಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಹೊಸ ಕಂಪನಿ ಹೆಚ್ಚಾಗಿ ಮೊದಲಿನಿಂದ ಅರ್ಜಿ ಹಾಕಬೇಕು. ಜೊತೆಗಿರುವ ಮಕ್ಕಳಿಗೆ 21 ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಬೀಳುವ ಅಪಾಯವಿದೆ; ವಯಸ್ಸಿನ ಲೆಕ್ಕದಲ್ಲಿ ಕೆಲವು ದಿನ ಕಳೆಯುವ ಸೌಲಭ್ಯ ಉಂಟು, ವಕೀಲರಲ್ಲಿ ಮೊದಲೇ ಕೇಳಿಸಿ. ಊರಿನಿಂದ ನೀವು ಮಾಡಬಹುದಾದದ್ದು ಜನನ ಪ್ರಮಾಣಪತ್ರ ತೆಗೆದು ನೋಡುವುದು: ಹಳೆಯ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು, ಅಪ್ಪನ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗದಿರುವುದು ಮಾಮೂಲು, ಸರದಿ ಬಂದಾಗ ಅರ್ಜಿ ಅಲ್ಲಿಯೇ ಸಿಕ್ಕಿಬೀಳುತ್ತದೆ.