ಸುರಿಯುವ ಮಳೆಯಲ್ಲಿ ಸೋರುವ ಮಾಡು: ತುರ್ತು ದುರಸ್ತಿಯ ಟಿಪ್ಪಣಿ

ಮಳೆ ಸುರಿಯುತ್ತಿರುವಾಗಲೇ ಮಾಡಿನ, ಎಂದರೆ ಚಾವಣಿಯ, ಸೋರಿಕೆಯನ್ನು ಪೂರ್ತಿ ನಿಲ್ಲಿಸಲು ಹೊರಟರೆ ಕೆಲಸ ಕೆಡುತ್ತದೆ, ಕೆಲವೊಮ್ಮೆ ಕೈಕಾಲೂ ಮುರಿಯುತ್ತದೆ. ಒಳಗೆ ಬಂದ ನೀರು ಎಲ್ಲಿ ಬೀಳಬೇಕೆಂಬುದನ್ನು ನಾವು ಗೊತ್ತುಮಾಡಿದರೆ ಅಂದಿನ ಮಟ್ಟಿಗೆ ಸಾಕು. ಕಟ್ಟಡದ ಕೆಲಸ ಕಲಿಯುತ್ತಿರುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ.

ಒಂದು ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹವಾಮಾನ ಇಲಾಖೆ ‘ಭಾರಿ ಮಳೆ’ ಎನ್ನುವುದು 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದಾಗ. 100 ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ ಆ ದಿನ ಬೀಳುವುದು 6,450 ಲೀಟರ್. (ಇಳಿಜಾರಿನ ಅಳತೆಯನ್ನು ಹಿಡಿಯಬಾರದು, ಕೆಳಗಿನ ನೆಲದ ಅಳತೆಯನ್ನೇ ಹಿಡಿಯಬೇಕು.) ಒಂದೇ ಹೆಂಚು ಜರುಗಿದರೂ ಹಾಸಿಗೆ ತೊಯ್ಯುವುದು ಏಕೆಂದು ಇದರಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ವಿದ್ಯುತ್ತು. ಬಲ್ಬಿನ ಹೋಲ್ಡರ್, ಫ್ಯಾನು, ಸ್ವಿಚ್ ಬೋರ್ಡು ಇವುಗಳ ಹತ್ತಿರ ನೀರು ಸುಳಿದರೆ ಮೇನ್ ಸ್ವಿಚ್ ಆರಿಸಿ, ಟಾರ್ಚ್ ಹಿಡಿದು ಕೆಲಸ ಮಾಡಿ. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡಿ. ಮೇನ್ ಸ್ವಿಚ್ಚೇ ತೊಯ್ದಿದ್ದರೆ ಅದರ ಹತ್ತಿರ ಹೋಗದೆ ಲೈನ್‌ಮನ್‌ಗೆ ಹೇಳಿ ಕಳುಹಿಸಿ.

ನೀರು ಹೊಕ್ಕುವ ಜಾಗ, ಬೀಳುವ ಜಾಗ

ಇವೆರಡೂ ಒಂದೇ ಆಗಿರುವುದು ಅಪರೂಪ. ಒಡೆದ ಹೆಂಚಿನಿಂದ ಇಳಿದ ನೀರು ರೀಪಿಗೆ (ಹೆಂಚು ಕೂರುವ ಅಡ್ಡ ಪಟ್ಟಿಗೆ) ತಾಗಿ, ರೀಪಿನಿಂದ ಪಕಾಸಿಗೆ (ರೀಪುಗಳನ್ನು ಹೊರುವ ಇಳಿಜಾರು ತೊಲೆಗೆ) ಬಂದು, ಪಕಾಸಿನ ಅಡಿಗೆ ಅಂಟಿಕೊಂಡೇ ಸೂರಿನ ಕಡೆಗೆ ಹರಿಯುತ್ತದೆ. ಎಲ್ಲೋ ಒಂದು ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ತೊಟ್ಟಿಕ್ಕುವ ಜಾಗದಿಂದ ಇಳಿಜಾರಿನ ಮೇಲ್ಗಡೆಗೆ ಟಾರ್ಚ್ ಬಿಡುತ್ತಾ ಹೋಗಿ. ಒದ್ದೆ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ಹುಡುಕಿ. ಸಿಕ್ಕಿದ ಕೂಡಲೇ ಪಕ್ಕದ ರೀಪಿಗೋ ಪಕಾಸಿಗೋ ಗುರುತು ಹಾಕಿ. ಮಳೆ ನಿಂತು ಮರ ಒಣಗಿದ ಮೇಲೆ ಆ ಜಾಗ ಕಾಣುವುದಿಲ್ಲ.

ಹುಡುಕಲು ಸಮಯವಿಲ್ಲದಿದ್ದರೆ ಹರಿಯುವ ನೀರನ್ನೇ ನಡುದಾರಿಯಲ್ಲಿ ಹಿಡಿಯಬಹುದು. ಮಂಚ, ಕಪಾಟುಗಳಿರುವ ಜಾಗಕ್ಕಿಂತ ಮೇಲ್ಗಡೆ ಪಕಾಸಿಗೆ ಹತ್ತಿಯ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ, ಅದರ ತುದಿಯನ್ನು ಬಕೆಟ್ಟಿನ ತಳದವರೆಗೂ ಇಳಿಬಿಡಿ. ಬಟ್ಟೆ ಒಮ್ಮೆ ನೆನೆದರೆ ನೀರು ಅದನ್ನೇ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ, ಸುತ್ತ ಸಿಡಿಯುವುದಿಲ್ಲ. ಇಷ್ಟು ಸುಲಭದ ಉಪಾಯ ಗೊತ್ತಿಲ್ಲದೆ ಎಷ್ಟೋ ಮನೆಯವರು ರಾತ್ರಿಯಿಡೀ ನೆಲ ಒರೆಸುತ್ತಾರೆ.

ಹೆಂಚಿನ ಮಾಡಿಗೆ ಒಳಗಿನಿಂದಲೇ ಕೆಲಸ

1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹೆಂಚಿನ ದೊಡ್ಡ ಗುಣವೆಂದರೆ, ಅದನ್ನು ಗಾರೆ ಹಾಕಿ ಕೂರಿಸಬೇಕಿಲ್ಲ. ಹಿಂಬದಿಯ ಗುಬುಟು (ಉಬ್ಬಿದ ಗಂಟು) ರೀಪಿಗೆ ಸಿಕ್ಕಿಕೊಳ್ಳುತ್ತದೆ, ಅಂಚಿನ ಏಣು, ತೋಡುಗಳು ಒಂದರೊಳಗೊಂದು ಕೂರುತ್ತವೆ. ಹಾಗಾಗಿ ಮಾಡಿನ ಅಡಿಗೆ ಹಲಗೆಯ ಮುಚ್ಚಿಗೆಯಿಲ್ಲದ ಕಡೆ, ಅಥವಾ ಅಟ್ಟ ಹತ್ತಿ, ಒಳಗಿನಿಂದಲೇ ಹೆಂಚನ್ನು ಎತ್ತಬಹುದು, ಸರಿಸಬಹುದು. ಪಾಚಿಗಟ್ಟಿದ ಮಾಡಿನ ಮೇಲೆ ಮಳೆಯಲ್ಲಿ ಹತ್ತುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಕಾಲು ಜಾರುವ ಭಯ ಒಂದಾದರೆ, ತುಳಿದ ಭಾರಕ್ಕೆ ಇನ್ನಷ್ಟು ಹೆಂಚು ಒಡೆಯುವುದು ಇನ್ನೊಂದು.

ಮಂಗ ಹಾರಿಯೋ ಗಾಳಿಗೋ ಹೆಂಚು ಬರೀ ಜರುಗಿದ್ದರೆ ಮೇಲಕ್ಕೆ ತಳ್ಳಿ, ಗುಬುಟು ರೀಪಿಗೆ ಸಿಕ್ಕಿತೇ ಎಂದು ಬೆರಳಿನಿಂದ ತಡವಿ ನೋಡಿ. ಒಡೆದಿದ್ದು ಬದಲಿ ಹೆಂಚು ಇಲ್ಲದಿದ್ದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೈಗೆ ಸಿಗುವುದು ಅಡಿಕೆ ಹಾಳೆ. ಒಣ ಹಾಳೆ ಸೀಳುತ್ತದೆ. ಸ್ವಲ್ಪ ಹೊತ್ತು ನೆನೆಸಿದರೆ ಮೆತ್ತಗಾಗಿ ಬಾಗುತ್ತದೆ. ಉದ್ದ ಒಂದೂವರೆ ಅಡಿಗೆ ಕಡಿಮೆ ಇರಬಾರದು. ಒಡೆದ ಹೆಂಚಿಗಿಂತ ಮೇಲಿನ ಸಾಲಿನ ಹೆಂಚನ್ನು ಅಂಗೈಯಿಂದ ತುಸು ಎತ್ತಿ, ಆ ಸಂದಿಯಲ್ಲಿ ಹಾಳೆಯನ್ನು ಕೆಳಮುಖವಾಗಿ, ಒಡೆದ ಹೆಂಚಿನ ಬೆನ್ನ ಮೇಲೆ ತೂರಿಸಿ. ಹಾಳೆಯ ಕುಳಿ ಆಕಾಶ ನೋಡುತ್ತಿರಬೇಕು. ಅದರ ಮೇಲ್ತುದಿ ಮೇಲಿನ ಹೆಂಚಿನ ಅಡಿಯಲ್ಲಿ, ಕೆಳತುದಿ ಕೆಳಗಿನ ಹೆಂಚಿನ ಬೆನ್ನ ಮೇಲೆ ಇರಬೇಕು. ಈ ಕ್ರಮ ತಪ್ಪಿ ಕೆಳತುದಿ ಹೆಂಚಿನ ಅಡಿಗೆ ಹೋಯಿತೋ, ಹಾಳೆಯೇ ನೀರನ್ನು ಕೋಣೆಗೆ ತಂದು ಸುರಿಯುತ್ತದೆ. ಮೇಲ್ತುದಿಯನ್ನು ರೀಪಿನ ಮೇಲೆ ಮಡಚಿದರೆ ಜಾರುವುದಿಲ್ಲ. ಹಾಳೆ ಇಲ್ಲದ ಕಡೆ ದಪ್ಪ ಪ್ಲಾಸ್ಟಿಕ್ ಅಥವಾ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಬಳಸಬಹುದು. ತಗಡಿನ ಅಂಚಿಗೆ ಕೈ ಕೊಯ್ದುಕೊಳ್ಳದಂತೆ ನೋಡಿಕೊಳ್ಳಿ.

ಟಾರ್ಪಾಲು ಹೊದಿಸುವ ಕಾಲವೆಂದರೆ ಮಳೆ ಬಿಡುವು ಕೊಟ್ಟು ಗಾಳಿ, ಸಿಡಿಲು ಅಡಗಿದ ಹೊತ್ತು. ಅದು ಮಾಡಿನ ನೆತ್ತಿಯನ್ನು ದಾಟಿ ಆಚೆ ಬದಿಗೂ ಇಳಿದಿರಬೇಕು. ನಡುವಿನಲ್ಲಿ ಎಲ್ಲೋ ಹಾಸಿದರೆ ಮೇಲಿನಿಂದ ಬಂದ ನೀರು ಅದರ ಅಡಿಗೇ ನುಗ್ಗುತ್ತದೆ.

ಸಿಮೆಂಟ್ ಶೀಟನ್ನು ತುಳಿಯಲೇಬಾರದು, ಕಾಲು ತೂರಿ ಕೆಳಗೆ ಬೀಳುತ್ತೀರಿ. ತಾರಸಿ ಮನೆಯಾದರೆ ಮೊದಲು ನೀರು ಹೋಗುವ ಕೊಳವೆಯ ಬಾಯಲ್ಲಿ ಕಟ್ಟಿಕೊಂಡ ಎಲೆ, ಕಸ ತೆಗೆಯಿರಿ. ನಿಂತ ನೀರು ಇಳಿದರೆ ಸೋರಿಕೆ ಎಷ್ಟೋ ತಗ್ಗುತ್ತದೆ. ಒದ್ದೆ ಬಿರುಕಿಗೆ ಮಾಮೂಲಿ ಸಿಮೆಂಟ್ ಮೆತ್ತಿದರೆ ಗಟ್ಟಿಯಾಗುವ ಮೊದಲೇ ತೊಳೆದುಹೋಗುತ್ತದೆ. ಆ ಕೆಲಸವನ್ನು ಬಿಸಿಲು ಬರುವ ದಿನಕ್ಕೆ ಬಿಡಿ.

ತೂರಿಸಿದ ಹಾಳೆ ಆ ಮಳೆಗಾಲಕ್ಕಷ್ಟೇ. ಅದು ಕೊಳೆತರೆ ತೇವ ಹಿಡಿದು ಅಡಿಯ ರೀಪೂ ಕುಂಬಾಗುತ್ತದೆ. ಮರ ಒಣಗಿದ ಮೇಲೆ, ಹಾಕಿಟ್ಟ ಗುರುತು ನೋಡಿ ಹಾಳೆ ತೆಗೆದು, ರೀಪನ್ನು ಉಗುರಿನಿಂದ ಒತ್ತಿ ಪರೀಕ್ಷಿಸಿ, ಗಟ್ಟಿ ಇದ್ದರೆ ಮಾತ್ರ ಅದರ ಮೇಲೆ ಹೊಸ ಹೆಂಚು ಕೂರಿಸಿ.