ಜೀಪು ಕುಗ್ಗುತ್ತದೆ, ದೂಳು ಕುಗ್ಗುವುದಿಲ್ಲ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಕಡೆಗೆ ಏರುವ ರಸ್ತೆಗಳಲ್ಲಿ ಇಂದಿಗೂ ಹಳೆಯ ಜೀಪುಗಳು ಓಡುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ ಗಾಡಿಗಳಿವು. ರಿಮೋಟಿನಿಂದ ಓಡುವ ಮಾದರಿ ಕಾರು ಕಟ್ಟುವ ಹವ್ಯಾಸವಿರುವ ಈ ಊರಿನವರು ಫಾರ್ಮುಲಾ ರೇಸಿನ ಕಾರಿಗಿಂತ ಮೊದಲು ಇಂಥದೊಂದು ಜೀಪಿಗೆ ಕೈಹಾಕುವುದು ಸಹಜವೇ ಆಗಿದೆ. ಮೂಲ ವಿಲ್ಲಿಸ್ ಜೀಪಿನ ಉದ್ದ ಸುಮಾರು 3.36 ಮೀಟರ್, ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ 1:10 ಪ್ರಮಾಣಕ್ಕೆ ಇಳಿಸಿದರೆ ಅದರ ಉದ್ದ 33.6 ಸೆಂಟಿಮೀಟರ್ ಆಗುತ್ತದೆ. ತೂಕ ಹತ್ತನೆಯ ಒಂದು ಭಾಗವಾಗದೆ ಸಾವಿರದ ಒಂದು ಭಾಗವಾಗಿ, ಒಂದು ಕಿಲೋಗ್ರಾಮಿನ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಉದ್ದ ಹತ್ತು ಪಟ್ಟು ಇಳಿದಾಗ ಮೇಲ್ಮೈ ನೂರು ಪಟ್ಟು, ಗಾತ್ರ ಮತ್ತು ತೂಕ ಸಾವಿರ ಪಟ್ಟು ಇಳಿಯುತ್ತವೆ ಎಂಬ ಈ ಲೆಕ್ಕವನ್ನು ಗೆಲಿಲಿಯೋ 1638ರಲ್ಲಿಯೇ ವಿವರಿಸಿದ್ದ. ಆನೆಯ ಕಾಲು ಜಿಂಕೆಯ ಕಾಲಿನಂತೆ ತೆಳ್ಳಗಿರಲಾರದು ಎನ್ನುವುದಕ್ಕೂ, ಮೇಜಿನಿಂದ ಉರುಳಿಬಿದ್ದ ಮಾದರಿ ಜೀಪು ಬಹುತೇಕ ಏನೂ ಆಗದೆ ಉಳಿಯುತ್ತದೆ ಎನ್ನುವುದಕ್ಕೂ ಕಾರಣ ಇದೊಂದೇ. ಆದರೆ ಹವ್ಯಾಸಿಯ ನಿಜವಾದ ಕಷ್ಟ ಇಲ್ಲಿಂದ ಮುಂದಕ್ಕಿದೆ. ಗುರುತ್ವ, ನೀರಿನ ಹನಿ, ಬಟ್ಟೆಯ ಮಡಿಕೆ, ದೂಳಿನ ಕಣ, ರೇಡಿಯೋ ತರಂಗ ಇವು ಯಾವುವೂ ಜೀಪಿನ ಜೊತೆಗೆ ಕುಗ್ಗುವುದಿಲ್ಲ. ಮಾದರಿ ಕಟ್ಟುವವರ ಕೈಚಳಕವೆಂದು ನಾವು ಮೆಚ್ಚುವುದರಲ್ಲಿ ಬಹುಪಾಲು, ಕುಗ್ಗಲೊಲ್ಲದ ಇವುಗಳನ್ನು ಕಣ್ಣಿಗೆ ಕಾಣದಂತೆ ಸಂಭಾಳಿಸುವ ಕೆಲಸವೇ ಆಗಿರುತ್ತದೆ.

ಚಲನೆಯನ್ನೇ ನೋಡೋಣ. ನಿಜವಾದ ಜೀಪಿನ ಚಕ್ರ ಒಂದು ಮೀಟರ್ ಎತ್ತರದ ದಿಣ್ಣೆಯಿಂದ ಕೆಳಗೆ ಬೀಳಲು ಸುಮಾರು 0.45 ಸೆಕೆಂಡು ಬೇಕು. ಮಾದರಿಗೆ ಅದೇ ದಿಣ್ಣೆ 10 ಸೆಂಟಿಮೀಟರ್ ಎತ್ತರದ್ದು. ಅದರಿಂದ ಬೀಳಲು 0.14 ಸೆಕೆಂಡು ಸಾಕು. ಉದ್ದ ಹತ್ತರಲ್ಲಿ ಒಂದಾದಾಗ ಕಾಲ ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16 ಪಟ್ಟು ಮಾತ್ರ ಕಿರಿದಾಗುತ್ತದೆ. ಹಡಗುಗಳ ಚಿಕ್ಕ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷಿಸುತ್ತಿದ್ದ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ನೆಲೆಗೊಳಿಸಿದ ನಿಯಮವೂ ಇದೇ ವರ್ಗಮೂಲದ್ದು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡುವ ಮಾದರಿ ಕಾರನ್ನು ತೋರಿಸಿ, ಇದು 200 ಕಿಲೋಮೀಟರ್ ವೇಗಕ್ಕೆ ಸಮ ಎಂದು ಹೇಳುವ ರೂಢಿಯುಂಟು. ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು 63 ಕಿಲೋಮೀಟರಿಗೆ ಸಮ. ಹೆಮ್ಮೆ ಸ್ವಲ್ಪ ಕಡಿಮೆಯಾದರೂ ಲೆಕ್ಕ ಸರಿಯಾಗಿರುವುದು ಒಳ್ಳೆಯದು.

ಈ ವರ್ಗಮೂಲದ ಪರಿಣಾಮ ಕಣ್ಣಿಗೆ ತಕ್ಷಣ ಕಾಣುತ್ತದೆ. ನಿಜವಾದ ಗಾಡಿ ಕಲ್ಲು ಹತ್ತುವಾಗ ನಿಧಾನವಾಗಿ ಓಲಾಡುತ್ತದೆ. ಮಾದರಿಯಾದರೋ ಪಟಪಟನೆ ಕುಪ್ಪಳಿಸುತ್ತದೆ. ನೋಡುವವರ ಮನಸ್ಸು ಆ ಕುಪ್ಪಳಿಕೆಯಿಂದಲೇ ಇದು ಆಟಿಕೆಯೆಂದು ತೀರ್ಮಾನಿಸುತ್ತದೆ. ಚಲನಚಿತ್ರಗಳಲ್ಲಿ ಮಾದರಿಗಳನ್ನು ಹೆಚ್ಚಿನ ವೇಗದಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುವ ಉಪಾಯ ಇದಕ್ಕೆಂದೇ ಹುಟ್ಟಿದ್ದು. 1:10 ಪ್ರಮಾಣಕ್ಕೆ ಸೆಕೆಂಡಿಗೆ 24 ಚೌಕಟ್ಟುಗಳ ಬದಲು 76ರ ಆಸುಪಾಸಿನಲ್ಲಿ ಚಿತ್ರೀಕರಿಸಬೇಕಾಗುತ್ತದೆ. ನೇರವಾಗಿ ನೋಡುವವರಿಗೆ ಆ ಅನುಕೂಲವಿಲ್ಲವಾದ್ದರಿಂದ ಹವ್ಯಾಸಿಯು ಸ್ಪ್ರಿಂಗುಗಳನ್ನು ಮೆದುವಾಗಿಸಿ, ಷಾಕ್ ಅಬ್ಸಾರ್ಬರಿನೊಳಗೆ ಮಂದವಾದ ಸಿಲಿಕೋನ್ ಎಣ್ಣೆಯನ್ನು ತುಂಬುತ್ತಾನೆ. ಆ ಎಣ್ಣೆಯ ಸ್ನಿಗ್ಧತೆ ಹೆಚ್ಚಾದಷ್ಟೂ ಗಾಡಿಯ ಓಲಾಟ ನಿಧಾನವಾಗುತ್ತದೆ. ತೀರಾ ಹೆಚ್ಚಾದರೆ ಚಕ್ರ ಮೇಲೆ ಹೋದದ್ದು ಮೇಲೆಯೇ ಉಳಿದು, ನೆಲದ ಹಿಡಿತ ತಪ್ಪುತ್ತದೆ.

ಏರು ಹತ್ತುವ ವಿಷಯದಲ್ಲಿ ಮಾತ್ರ ಪ್ರಕೃತಿ ಮಾದರಿಗೆ ಅನ್ಯಾಯ ಮಾಡಿಲ್ಲ. ಘರ್ಷಣೆಯು ತೂಕಕ್ಕೆ ಅನುಗುಣವಾಗಿರುವುದರಿಂದ ಹಿಡಿತ ತಪ್ಪುವ ಇಳಿಜಾರಿನ ಕೋನ ದೊಡ್ಡ ಗಾಡಿಗೂ ಚಿಕ್ಕ ಗಾಡಿಗೂ ಹೆಚ್ಚು ಕಡಿಮೆ ಒಂದೇ. ತೊಂದರೆ ಕೊಡುವುದು ಟೈರು. ತೂಕ ಸಾವಿರ ಪಟ್ಟು ಇಳಿದು, ಟೈರು ನೆಲವನ್ನು ಮುಟ್ಟುವ ಜಾಗ ನೂರು ಪಟ್ಟು ಮಾತ್ರ ಇಳಿಯುವುದರಿಂದ ನೆಲದ ಮೇಲಿನ ಒತ್ತಡ ಹತ್ತನೆಯ ಒಂದಕ್ಕೆ ಬರುತ್ತದೆ. ನಿಜವಾದ ಟೈರಿನಂತೆ ಗಾಳಿ ತುಂಬಿದರೆ ಮಾದರಿಯ ಟೈರು ಕಲ್ಲಿನ ಅಂಚಿಗೆ ತಕ್ಕಂತೆ ಬಗ್ಗುವುದೇ ಇಲ್ಲ. ಹಾಗಾಗಿ ಅದರೊಳಗೆ ಗಾಳಿಯ ಬದಲು ಸ್ಪಂಜಿನ ಬಳೆಯನ್ನಿಟ್ಟು, ಒಳಗಿನ ಗಾಳಿ ಹೋಗಿ ಬರಲು ಸಣ್ಣ ತೂತನ್ನೂ ಕೊಟ್ಟಿರುತ್ತಾರೆ. ಬಂಡೆ ಹತ್ತುವ ಗಾಡಿಗಳ ಆಕ್ಸಲಿನ ತುದಿಗೆ ಹಿತ್ತಾಳೆಯ ಬಿಡಿಭಾಗಗಳನ್ನು ಜೋಡಿಸುವುದೂ ಇದೇ ಬಗೆಯ ಒಂದು ತಿದ್ದುಪಡಿ. ಭಾರ ಕೆಳಗೆ ಇದ್ದಷ್ಟೂ ಗುರುತ್ವ ಕೇಂದ್ರ ತಗ್ಗಿ, ಅಡ್ಡ ಇಳಿಜಾರಿನಲ್ಲಿ ಗಾಡಿ ಮಗುಚುವುದು ತಡವಾಗುತ್ತದೆ.

ಇನ್ನು ಬಣ್ಣದ ಕೆಲಸ. ರಿಮೋಟ್ ಕಾರಿನ ಬಾಡಿಯನ್ನು ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟು ತೆಳ್ಳಗಿನ, ಪಾರದರ್ಶಕವಾದ ಪಾಲಿಕಾರ್ಬೊನೇಟ್ ಹಾಳೆಯಿಂದ ಮಾಡಿರುತ್ತಾರೆ. ಅದಕ್ಕೆ ಬಣ್ಣ ಹೊಡೆಯುವುದು ಒಳಗಿನಿಂದ. ಗಾಡಿ ಎಷ್ಟೇ ಉರುಳಿದರೂ ಗೀರು ಬೀಳುವುದು ಹೊರಗಿನ ಪ್ಲಾಸ್ಟಿಕ್ಕಿಗೇ ಹೊರತು ಬಣ್ಣಕ್ಕಲ್ಲ. ಇದರಿಂದಾಗಿ ಕೆಲಸದ ಕ್ರಮ ಪೂರ್ತಿ ತಿರುಗುಮುರುಗಾಗುತ್ತದೆ: ಕೊನೆಯಲ್ಲಿ ಬರೆಯಬೇಕಾದ ಗೆರೆ, ಅಂಚುಗಳನ್ನು ಮೊದಲು ಬರೆದು, ಮೂಲ ಬಣ್ಣವನ್ನು ಕೊನೆಗೆ ಬಳಿಯಬೇಕು. ಪಾಲಿಕಾರ್ಬೊನೇಟಿಗೆಂದೇ ತಯಾರಿಸಿದ, ಹಾಳೆಯ ಜೊತೆಗೆ ಬಾಗಬಲ್ಲ ಬಣ್ಣವನ್ನೇ ಬಳಸಬೇಕು. ಬೇರೆಯದಾದರೆ ಮೊದಲನೆಯ ಡಿಕ್ಕಿಗೇ ಚಕ್ಕೆಯೇಳುತ್ತದೆ. ಕೈಗೆ ಸಿಕ್ಕಿದ ಥಿನ್ನರಿನಿಂದ ಒರೆಸುವುದಂತೂ ಕೂಡದು, ಏಕೆಂದರೆ ಅಸಿಟೋನಿನಂಥ ದ್ರಾವಕಗಳು ಆ ಹಾಳೆಯಲ್ಲಿ ಕೂದಲಿನಂಥ ಬಿರುಕುಗಳನ್ನು ಮೂಡಿಸುತ್ತವೆ.

ಕಾರ್ಖಾನೆಯಿಂದ ಬಂದ ನಿಜವಾದ ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಿರುತ್ತವೆ. ಹೊರಗಿನಿಂದ ಬಣ್ಣ ಹೊಡೆಯುವ ಮಾದರಿಗಳಲ್ಲಿ ಇದೂ ಹತ್ತು ಪಟ್ಟು ತೆಳ್ಳಗಾಗಬೇಕು. ಬಾಗಿಲಿನ ಸುತ್ತ ನಾಲ್ಕು ಮಿಲಿಮೀಟರ್ ಇರುವ ಸಂದು 1:24 ಪ್ರಮಾಣದ ಮಾದರಿಯಲ್ಲಿ 0.17 ಮಿಲಿಮೀಟರ್ ಆಗಿರುತ್ತದೆ. ದಪ್ಪ ಕುಂಚದ ಎರಡು ಬಳಿತಕ್ಕೆ ಆ ಸಂದು ಮುಚ್ಚಿಯೇ ಹೋಗುತ್ತದೆ. ಲೋಹದ ಹೊಳಪಿನ ಬಣ್ಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೂರು ಮೀಟರ್ ದೂರದಿಂದ ನಿಜವಾದ ಕಾರು ನುಣ್ಣಗೆ ಹೊಳೆಯುತ್ತದೆ, ಬಣ್ಣದೊಳಗಿನ ಅಲ್ಯೂಮಿನಿಯಂ ಚೂರುಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. 1:10 ಮಾದರಿಯನ್ನು ನಾವು ನೋಡುವುದು 30 ಸೆಂಟಿಮೀಟರಿನಿಂದ. ಕಾರಿನ ಅದೇ ಬಣ್ಣವನ್ನು ಇದಕ್ಕೂ ಹೊಡೆದರೆ ಆ ಚೂರುಗಳು ಮಿಣಮಿಣ ಮಿಂಚಿ, ಮದುವೆ ಮನೆಯ ಅಲಂಕಾರದ ಹಾಗೆ ತೋರುತ್ತವೆ. ಮಾದರಿಗೆ ಇನ್ನೂ ಸಣ್ಣ ಚೂರುಗಳಿರುವ ಬಣ್ಣವೇ ಬೇಕಾಗುವುದು ಇದಕ್ಕಾಗಿ.

ಮಲೆನಾಡಿನಲ್ಲಿ ಬಣ್ಣ ಹೊಡೆಯುವವರಿಗೆ ಮಳೆಗಾಲವೊಂದು ಪ್ರತ್ಯೇಕ ಅಧ್ಯಾಯ. ಸಿಂಪಡಿಸಿದ ಲ್ಯಾಕರಿನ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈಯಿಂದ ಶಾಖವನ್ನು ಹೀರಿಕೊಳ್ಳುತ್ತದೆ, ಮೇಲ್ಮೈ ತಣ್ಣಗಾಗುತ್ತದೆ. ಜುಲೈ ತಿಂಗಳ ಒಂದು ದಿನ ಉಷ್ಣತೆ 24 ಡಿಗ್ರಿ, ಆರ್ದ್ರತೆ ಶೇಕಡಾ 90 ಇದೆಯೆಂದುಕೊಳ್ಳಿ. ಆಗ ಮೇಲ್ಮೈ ಎರಡು ಡಿಗ್ರಿಯಷ್ಟು ತಣಿದರೂ ಸಾಕು, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಹಸಿ ಬಣ್ಣದೊಳಗೆ ಆ ಹನಿಗಳು ಸಿಕ್ಕಿಕೊಂಡು, ಕಪ್ಪು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. 30 ಡಿಗ್ರಿ ಉಷ್ಣತೆ, ಶೇಕಡಾ 40 ಆರ್ದ್ರತೆಯಿರುವ ಮಾರ್ಚಿಯ ಮಧ್ಯಾಹ್ನದಲ್ಲಿ ಹಾಗಾಗಬೇಕಾದರೆ ಹದಿನೈದು ಡಿಗ್ರಿ ತಣಿಯಬೇಕು. ಅದು ಆಗುವ ಮಾತಲ್ಲ. ಮಳೆಗಾಲದಲ್ಲಿ ಹೊಡೆಯಲೇಬೇಕೆನ್ನುವವರು ನಿಧಾನವಾಗಿ ಆರುವ ಥಿನ್ನರ್ ಬೆರೆಸಿಕೊಳ್ಳುತ್ತಾರೆ. ಆ ಮೂರು ತಿಂಗಳನ್ನು ಉಜ್ಜುವುದಕ್ಕೂ ಬಿಡಿಭಾಗ ಜೋಡಿಸುವುದಕ್ಕೂ ಇಟ್ಟುಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಜೀಪು ಸಿದ್ಧವಾದ ಮೇಲೆ ಅದಕ್ಕೊಂದು ಗ್ಯಾರೇಜು, ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿ ಬೇಕೆನ್ನಿಸುತ್ತದೆ. 1.7 ಮೀಟರ್ ಎತ್ತರದ ಮೇಸ್ತ್ರಿ ಇಲ್ಲಿ 17 ಸೆಂಟಿಮೀಟರಿನವನು. ಅವನಿಗೆ ಹಳೆಯ ಪಂಚೆಯ ಚೂರಿನಿಂದ ಲುಂಗಿ ಉಡಿಸಿದರೆ ಅದು ತಗಡಿನಂತೆ ಸೆಟೆದು ನಿಲ್ಲುತ್ತದೆ. ಬಟ್ಟೆ ತನ್ನ ತೂಕಕ್ಕೆ ತಾನೇ ಬಾಗಬೇಕಾದರೆ ಎಷ್ಟು ಉದ್ದ ಇಳಿಬಿದ್ದಿರಬೇಕು ಎಂಬುದನ್ನು ಆ ಬಟ್ಟೆಯ ಬಿಗುಪು ಮತ್ತು ತೂಕಗಳು ನಿರ್ಧರಿಸುತ್ತವೆ. ಗೊಂಬೆ ಚಿಕ್ಕದಾಯಿತೆಂದು ಆ ಉದ್ದ ಕಡಿಮೆಯಾಗುವುದಿಲ್ಲ. ಆದ್ದರಿಂದ ಲುಂಗಿಯನ್ನು ಅಂಟಿನಲ್ಲಿ ನೆನೆಸಿದ ಟಿಶ್ಯೂ ಕಾಗದದಿಂದಲೋ, ಎರಡು ಭಾಗ ಕಲಸಿ ಗಟ್ಟಿಯಾಗಿಸುವ ಎಪಾಕ್ಸಿ ಪುಟ್ಟಿಯಿಂದಲೋ ಮಾಡಿ, ಮಡಿಕೆಗಳನ್ನು ಸೂಜಿಯ ತುದಿಯಿಂದ ಒತ್ತಬೇಕಾಗುತ್ತದೆ.

ಆ ಮಡಿಕೆಗಳ ನೆರಳನ್ನೂ ಬಣ್ಣದಲ್ಲಿಯೇ ಬರೆಯುವುದೇಕೆಂದು ಹೊಸಬರು ಕೇಳುತ್ತಾರೆ. ಕೋಣೆಯ ನಾಲ್ಕಡಿ ಉದ್ದದ ಟ್ಯೂಬ್‌ಲೈಟು ಈ ಗೊಂಬೆಯ ಪಾಲಿಗೆ ನಲವತ್ತಡಿ ಉದ್ದದ ದೀಪ. ಅಷ್ಟು ಅಗಲವಾದ ಬೆಳಕು ಎಲ್ಲ ಸಂದಿಗೂ ನುಗ್ಗಿ ನೆರಳನ್ನು ತೊಳೆದುಬಿಡುತ್ತದೆ. ಅದಕ್ಕಾಗಿ ಮಡಿಕೆಯ ಆಳಕ್ಕೆ ಕಡುಬಣ್ಣ, ಉಬ್ಬಿದ ಅಂಚಿಗೆ ತಿಳಿಬಣ್ಣ. ಹತ್ತಿರದ ಬೇಲೂರಿನ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ವಿಗ್ರಹಗಳ ಹಿಂಬದಿಯನ್ನು ಆಳವಾಗಿ ಕೊರೆದು ಪಡೆದ ಕಪ್ಪನ್ನು ಇಲ್ಲಿ ಕುಂಚದಿಂದ ಪಡೆಯುತ್ತಾರೆ. ಸೂರ್ಯನ ಬೆಳಕಿನ ಮಾತು ಬೇರೆ. ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಜಾಗ ಹಿಡಿಯುವ ಸೂರ್ಯ ದೊಡ್ಡ ಜೀಪಿಗೂ ಚಿಕ್ಕ ಜೀಪಿಗೂ ಒಂದೇ ಅನುಪಾತದ ನೆರಳನ್ನು ಕೊಡುತ್ತಾನೆ. ಫೋಟೊ ತೆಗೆಯುವುದಿದ್ದರೆ ಅಂಗಳಕ್ಕೆ ಒಯ್ಯಿರಿ. ದೊಡ್ಡ ಕ್ಯಾಮೆರಾಕ್ಕಿಂತ ಮೊಬೈಲೇ ವಾಸಿ, ಅದರ ಪುಟ್ಟ ಮಸೂರ ಹಿಂದು ಮುಂದಿನದೆಲ್ಲವನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ.

ಗ್ಯಾರೇಜಿನ ನೆಲಕ್ಕೆ ಬರೋಣ. ಅಲ್ಲಿ ನೀರು ಚೆಲ್ಲಿದಂತೆ ತೋರಿಸಲು ನಿಜವಾದ ನೀರು ಕೆಲಸಕ್ಕೆ ಬಾರದು. ಮೇಲ್ಮೈ ಕರ್ಷಣದಿಂದಾಗಿ ಜಿಡ್ಡಿನ ನೆಲದ ಮೇಲೆ ನೀರು ಎರಡು ಮೂರು ಮಿಲಿಮೀಟರ್ ಎತ್ತರಕ್ಕೆ ಉಬ್ಬಿ ನಿಲ್ಲುತ್ತದೆ. 1:10ರಲ್ಲಿ ಅದು ಎರಡು ಮೂರು ಸೆಂಟಿಮೀಟರ್ ದಪ್ಪದ ಲೋಳೆಯಂತೆ ಕಾಣುತ್ತದೆ. ಅದಕ್ಕೆ ಬದಲಾಗಿ ಹೊಳಪಿನ ವಾರ್ನಿಷನ್ನು ತೆಳ್ಳಗೆ ಹರಡುತ್ತಾರೆ. ಇಲ್ಲಿ ಕಾಟ ಕೊಡುವ ಇದೇ ಬಲ ಬಾಗಿಲಿನ ಸಂದುಗಳಲ್ಲಿ ನೆರವಿಗೆ ಬರುತ್ತದೆ. ತೀರಾ ತೆಳುವಾಗಿಸಿದ ಕಡುಬಣ್ಣದ ಒಂದು ಹನಿಯನ್ನು ಸಂದಿನ ಒಂದು ತುದಿಗೆ ಮುಟ್ಟಿಸಿದರೆ ಸಾಕು, ಅದು ತಾನಾಗಿಯೇ ಉದ್ದಕ್ಕೂ ಓಡಿ, ಕೈಯಿಂದ ಎಳೆಯಲಾಗದಷ್ಟು ಸಣ್ಣ ಗೆರೆಯನ್ನು ಎಳೆದುಬಿಡುತ್ತದೆ.

ದೂಳಿಗೆ ನಮ್ಮ ಕೆಮ್ಮಣ್ಣಿಗಿಂತ ಒಳ್ಳೆಯ ಸಾಮಗ್ರಿ ಅಂಗಡಿಯಲ್ಲಿ ಸಿಗಲಾರದು. ಬಾಬಾಬುಡನ್ ಶ್ರೇಣಿಯ ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಈ ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ, ಜೀಪಿನ ತುಕ್ಕಿನ ಬಣ್ಣವೂ ಅದೇ ಬಳಗದ್ದು. ಆದರೆ ಮಣ್ಣನ್ನು ಹಾಗೆಯೇ ಉದುರಿಸಿದರೆ ಅರ್ಧ ಮಿಲಿಮೀಟರಿನ ಮರಳಿನ ಕಣ ಮಾದರಿಯ ಲೆಕ್ಕದಲ್ಲಿ ಕಡಲೆಬೇಳೆಯಷ್ಟು ದಪ್ಪದ ಜಲ್ಲಿಯಾಗುತ್ತದೆ. ಗಾಜಿನ ಲೋಟದಲ್ಲಿ ನೀರಿನೊಡನೆ ಕಲಕಿ ಒಂದು ನಿಮಿಷ ಬಿಡಬೇಕು. ಕಣವು ನೀರಿನಲ್ಲಿ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಸ್ಟೋಕ್ಸ್ ನಿಯಮ. ಅದರಂತೆ 50 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣ 10 ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ತೆಗೆದುಕೊಂಡರೆ, 5 ಮೈಕ್ರಾನಿನದು ಒಂದು ಗಂಟೆಗೂ ಮೀರಿ ತೇಲುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ತಟ್ಟೆಗೆ ಬಗ್ಗಿಸಿ ಆರಿಸಿದರೆ ಉಳಿಯುವ ಹಿಟ್ಟಿನಂಥ ಪುಡಿಯನ್ನು ಒಣ ಕುಂಚದಿಂದ ಮಡ್‌ಗಾರ್ಡಿಗೆ ಒರೆಸಬಹುದು. ಗ್ಯಾರೇಜಿನ ಹಿಂದಿನ ತೋಟದ ನೆಲಕ್ಕೆ ಕಾಫಿ ಚರಟವೂ ಚೆನ್ನಾಗಿ ಒಪ್ಪುತ್ತದೆ. ಚೆನ್ನಾಗಿ ಒಣಗಿಸದಿದ್ದರೆ ಮಾತ್ರ ಬೂಷ್ಟು ಹಿಡಿಯುತ್ತದೆ.

ರೇಡಿಯೋ ತರಂಗದ ಉದ್ದವೂ ನಮ್ಮ ಪ್ರಮಾಣಕ್ಕೆ ಬಗ್ಗುವುದಿಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ನಡೆಸುವ ದೋಣಿಯನ್ನು ತೋರಿಸಿದ ಮೇಲೆ ಈ ಆಟ ಆಟಿಕೆಗಳಿಗೆ ಇಳಿಯಲು ದಶಕಗಳೇ ಹಿಡಿದವು. ಹಳೆಯ ರಿಮೋಟ್ ಕಾರುಗಳು ಬಳಸುತ್ತಿದ್ದ 27 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ ಸುಮಾರು 11 ಮೀಟರ್. ಅದಕ್ಕೇ ಅವುಗಳ ಬೆನ್ನ ಮೇಲೆ ಉದ್ದನೆಯ ತಂತಿ ಎದ್ದು ನಿಂತಿರುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 12.5 ಸೆಂಟಿಮೀಟರ್, ಅದರ ಕಾಲುಭಾಗವಾದ ಮೂರು ಸೆಂಟಿಮೀಟರಿನ ತಂತಿ ಬಾನೆಟ್ಟಿನೊಳಗೆ ಅಡಗುತ್ತದೆ. ಸಂದೇಶವು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುವುದರಿಂದ ಹತ್ತು ಕಾರುಗಳು ಒಟ್ಟಿಗೆ ಓಡಿದರೂ ಗಲಿಬಿಲಿಯಿಲ್ಲ. ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಟಾರ್ಪಿಡೋಗಳಿಗಾಗಿ ಇಂಥದೇ ಜಿಗಿತದ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದಿದ್ದರು.

ಆದರೆ ಈ ಕಿರುತರಂಗಗಳನ್ನು ನೀರು ಸುಲಭವಾಗಿ ಹೀರುತ್ತದೆ, ಎಲೆಗಳಲ್ಲಿರುವುದೂ ನೀರೇ. ಬಯಲಿನಲ್ಲಿ ನೂರು ಮೀಟರಿಗೂ ಆಚೆ ಮಾತು ಕೇಳುವ ಜೀಪು, ಮಳೆ ನಿಂತ ಕೂಡಲೇ ಕಾಫಿ ಗಿಡಗಳ ಸಾಲಿನೊಳಗೆ ಹೊಕ್ಕರೆ ಬಹಳ ಬೇಗ ಕೈಮೀರುತ್ತದೆ. ಸಂಕೇತ ತಪ್ಪಿದಾಗ ಮೋಟಾರು ತಾನಾಗಿ ನಿಲ್ಲುವಂತೆ ಮಾಡುವ ಫೇಲ್‌ಸೇಫ್ ವ್ಯವಸ್ಥೆ ಇಂದಿನ ರಿಸೀವರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಆದರೆ ಕೆಲವದರಲ್ಲಿ ಅದನ್ನು ನಾವೇ ಹೊಂದಿಸಿಕೊಳ್ಳಬೇಕು. ತೋಟಕ್ಕೆ ಇಳಿಸುವ ಮೊದಲು ಜೀಪನ್ನು ಚಕ್ರಗಳು ನೆಲಕ್ಕೆ ತಾಗದಂತೆ ಒಂದು ಡಬ್ಬದ ಮೇಲೆ ಕೂರಿಸಿ, ಆಕ್ಸಿಲರೇಟರ್ ಒತ್ತಿಕೊಂಡೇ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ ನೋಡಿ. ಚಕ್ರಗಳು ಕೂಡಲೇ ನಿಲ್ಲದೆ ತಿರುಗುತ್ತಲೇ ಇದ್ದರೆ ಅಂದು ಅಂಗಳದಲ್ಲಿ ಓಡಿಸುವುದೇ ಕ್ಷೇಮ.