ವಿಂಡೋಸ್‌ನಲ್ಲಿ ತೆರೆಯುವ ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಯಾಕೆ ಮೌಂಟ್ ಆಗಲ್ಲ?

ಪ್ರಶ್ನೆ: ನನ್ನ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಆರಾಮಾಗಿ ತೆರೆಯುತ್ತದೆ. ಲಿನಕ್ಸ್‌ಗೆ ಹಾಕಿದರೆ ಮೌಂಟ್ ಆಗುತ್ತಿಲ್ಲ, ಅಂದರೆ ಒಳಗಿನ ಫೈಲುಗಳು ಬಳಕೆಗೆ ತೆರೆದುಕೊಳ್ಳುತ್ತಿಲ್ಲ. ಫಾರ್ಮ್ಯಾಟ್ ಮಾಡಲೇಬೇಕಾ?

ಉತ್ತರ: ಬೇಡ, ಅದಕ್ಕೆ ಈಗಲೇ ಕೈ ಹಾಕಬೇಡಿ. ಒಂದು ಕಡೆ ತೆರೆಯುತ್ತಿದೆ ಅಂದ ಮೇಲೆ ಫೈಲುಗಳು ಬಹುಶಃ ಕ್ಷೇಮವಾಗಿಯೇ ಇವೆ.

ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಡಿ, ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ. ಅದು ಡ್ರೈವ್‌ಗಳ ಪಟ್ಟಿ ತೋರಿಸುತ್ತದೆ. ಡ್ರೈವ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ. ಎರಡನೇ ಸಲ ಎಸ್‌ಡಿಬಿ, ಅದರ ಕೆಳಗೆ ಎಸ್‌ಡಿಬಿ1 ಅನ್ನುವಂಥ ಹೊಸ ಸಾಲು ಬಂತಾ? ಏನೂ ಬರಲಿಲ್ಲ ಅಂದರೆ ಅದು ಮೌಂಟ್‌ನ ತೊಂದರೆಯೇ ಅಲ್ಲ. ಹಬ್ ಬಿಟ್ಟು ನೇರವಾಗಿ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಬಂದಿದ್ದರೆ, ಮೌಂಟ್ ಮಾಡಬೇಕಾದ್ದು ಫೈಲುಗಳಿರುವ ಭಾಗವಾದ ಎಸ್‌ಡಿಬಿ1, ಇಡೀ ಡ್ರೈವ್‌ನ ಹೆಸರಾದ ಎಸ್‌ಡಿಬಿ ಅಲ್ಲ. ಕೊನೆಯ ಆ 1 ಬಿಟ್ಟು 'ರಾಂಗ್ ಎಫ್‌ಎಸ್ ಟೈಪ್' ಅಂತ ಬೈಸಿಕೊಂಡವರಲ್ಲಿ ನಾನೂ ಒಬ್ಬ.

ಅದೇ ಸಾಲಿನಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಡುವ ವಿಧಾನ) ಅಂತ ಇದೆಯಾ? ಹಾಗಿದ್ದರೆ ನನ್ನ ಅನುಮಾನ ಒಂದೇ: ಇಜೆಕ್ಟ್ ಮಾಡದೆ ಸುಮ್ನೆ ಎಳೆದಿದ್ದೀರಿ. ಬರೆಯುವ ಕೆಲಸ ಅರ್ಧಕ್ಕೇ ನಿಂತರೆ ಡ್ರೈವ್ ಮೇಲೆ 'ಡರ್ಟಿ' ಅನ್ನುವ ಗುರುತು ಉಳಿದುಬಿಡುತ್ತದೆ. ವಿಂಡೋಸ್ ಅದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳದೆ ತೆರೆದುಕೊಡುತ್ತದೆ. 2021ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ 5.15ರ ಜೊತೆ ಬಂದ ಎನ್‌ಟಿಎಫ್‌ಎಸ್3 ಡ್ರೈವರ್ ಮಾತ್ರ ಬರೆಯುವ ಅವಕಾಶದೊಂದಿಗೆ ಮೌಂಟ್ ಮಾಡಲು ಒಪ್ಪುವುದಿಲ್ಲ. 'ಸುಡೋ ಡಿಎಂಇಎಸ್‌ಜಿ' ಕೊಟ್ಟು ಕರ್ನೆಲ್ ಬರೆದಿಟ್ಟ ಸಂದೇಶಗಳ ಕೊನೆಯ ಸಾಲುಗಳನ್ನು ಓದಿ, 'ವಾಲ್ಯೂಮ್ ಈಸ್ ಡರ್ಟಿ' ಅಂತ ಅದೇ ಹೇಳುತ್ತದೆ. ಪರದೆ ಮೇಲೆ ಬರುವ ಚುಟುಕು ಎರರ್‌ಗಿಂತ ಈ ಸಾಲುಗಳನ್ನೇ ನಂಬಿ.

ಫೈಲು ತುರ್ತಾಗಿ ಬೇಕಿದ್ದರೆ ಮೌಂಟ್ ಆಜ್ಞೆಗೆ '-ಓ ಆರ್‌ಓ' ಸೇರಿಸಿ. ಓದಲು ಮಾತ್ರ ತೆರೆಯುತ್ತದೆ, ನಕಲು ಮಾಡಿಕೊಳ್ಳಬಹುದು. ಆಮೇಲೆ ವಿಂಡೋಸ್‌ನಲ್ಲಿ ಆ ಡ್ರೈವ್ ಅಕ್ಷರಕ್ಕೆ ಡಿಸ್ಕ್ ರಿಪೇರಿ ಮಾಡುವ ಚೆಕ್‌ಡಿಸ್ಕ್ ಆಜ್ಞೆಯನ್ನು, ಅಂದರೆ 'ಸಿಎಚ್‌ಕೆಡಿಎಸ್‌ಕೆ /ಎಫ್' ಓಡಿಸಿ, ಇಜೆಕ್ಟ್ ಮಾಡಿಯೇ ತೆಗೆಯಿರಿ. ವಿಂಡೋಸ್ ಕೈಗೆ ಸಿಗದಿದ್ದರೆ 'ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ' ಇದೆ. ಆದರೆ ಅದು ಮುಖ್ಯವಾಗಿ ಗುರುತು ಅಳಿಸುತ್ತದೆ, ಚೆಕ್‌ಡಿಸ್ಕ್‌ನಷ್ಟು ರಿಪೇರಿ ಮಾಡುವುದಿಲ್ಲ. ಗುರುತನ್ನು ಲೆಕ್ಕಿಸದೆ ಮೌಂಟ್ ಮಾಡಿಸುವ 'ಫೋರ್ಸ್' ಆಯ್ಕೆ ನನಗಂತೂ ಇಷ್ಟವಿಲ್ಲ.

ಎಲ್‌ಎಸ್‌ಬಿಎಲ್‌ಕೆ ಸಾಲಿನಲ್ಲಿ ಎನ್‌ಟಿಎಫ್‌ಎಸ್ ಬದಲು ಎಕ್ಸ್‌ಫ್ಯಾಟ್ (ಇನ್ನೊಂದು ಫೈಲ್ ಸಿಸ್ಟಂ) ಅಂತ ಇದ್ದು ನಿಮ್ಮ ಲಿನಕ್ಸ್ ತೀರಾ ಹಳೆಯದಾಗಿದ್ದರೆ, ಅದಕ್ಕೆ ಬೇರೆ ಪ್ಯಾಕೇಜ್ ಹಾಕಬೇಕಾಗುತ್ತದೆ, ಅಷ್ಟೇ.

ಡಿಎಂಇಎಸ್‌ಜಿಯಲ್ಲಿ 'ಐ/ಓ ಎರರ್' (ಡ್ರೈವ್ ಓದಲು, ಬರೆಯಲು ಆಗದ ದೋಷ) ಸಾಲುಗಳು ಸುರಿಯುತ್ತಿದ್ದರೆ ಕಥೆ ಬೇರೆ. ಆಗ ಚೆಕ್‌ಡಿಸ್ಕ್ ಮುಟ್ಟಬೇಡಿ, ಮೊದಲು ಕೆಡುತ್ತಿರುವ ಡ್ರೈವ್‌ನಿಂದ ಡೇಟಾ ಉಳಿಸುವ ಸಾಧನವಾದ ಡಿಡಿರೆಸ್ಕ್ಯೂನಿಂದ ಇಡೀ ಡ್ರೈವ್‌ನ ನಕಲು ತೆಗೆದುಕೊಳ್ಳಿ.